ತುತ್ತೂರಿಗೆ ಎದುರಾಗಿ ಕುಳಿತ ಸಭೆ

ಸೇಲಮ್ಮಿನ ಸಂಗೀತ ಸಪ್ತಾಹದ ಮೂರನೆಯ ಸಂಜೆ, ವೃದ್ಧ ಗಾಯಕರೊಬ್ಬರು ಹಾಡಲಾರಂಭಿಸುತ್ತಲೇ ಪಟ್ಟಣದ ರಸಿಕ ಮಹಾಶಯರೆಲ್ಲರೂ ಅವರಿಗೆ ಬೆನ್ನು ಮಾಡಿ, ಹುಣಿಸೆಮರಕ್ಕೆ ಹೊಸದಾಗಿ ಕಟ್ಟಿದ್ದ ಧ್ವನಿವರ್ಧಕದ ತುತ್ತೂರಿಯತ್ತ ಕುರ್ಚಿ ತಿರುಗಿಸಿಕೊಂಡರು.

“ಸ್ವಾಮಿ, ಆಡೋರು ಈ ಕಡೆ ಅವ್ರೆ,” ಎಂದು ಜರತಾರಿ ಅಂಗವಸ್ತ್ರದವರೊಬ್ಬರಿಗೆ ವಿನಯದಿಂದಲೇ ತಿಳಿಸಿದೆ.

“ಪಾಟ್ಟು ಕೇಳ್ತಿರೋದು ಆ ತುತ್ತೂರಿಂದ. ಅಳ್ಳಿಯೋರ್ಗೆ ಇದೆಲ್ಲ ಏನ್ ತಿಳೀತದೆ? ಸುಮ್ನೆ ಕುಂತ್ಕಳಯ್ಯಾ!” ಎಂದು ಅವರು ತಿರುಗದೆಯೇ ಗದರಿದರು.

ಗಾಯಕರು ಹಾಡು ನಿಲ್ಲಿಸಿ ಮೈಕನ್ನು ಬದಿಗೆ ಸರಿಸಿದರು. “ಯಜಮಾನ್ರೆ, ನೀವೊಬ್ರೇ ನನ್ ಮೊಕ ನೋಡ್ತಾ ಇದ್ದೀರಿ. ಅತ್ರ ಬನ್ನಿ, ನಿಮಗೇ ಆಡ್ತೀನಿ.”

ಯಂತ್ರ ಕೆಟ್ಟಿತೆಂದು ಗೊಣಗುತ್ತ ರಸಿಕರು ಎದ್ದುಹೋದರು.

ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕುಳಿತು ಕೇಳಿದ ಆ ಕಂಠ ಇನ್ನೂ ಕಿವಿಯಲ್ಲಿದೆ. ಆ ಭಾಗ್ಯ ಒದಗಿದ್ದು ಬೆನ್ನು ಮಾಡಿ ಕುಳಿತು ಗದರಿದ ಮಹಾಶಯರ ದೆಸೆಯಿಂದಲೇ ಎಂಬುದನ್ನು ಬಲ್ಲೆ. ಆದರೂ ಅವರನ್ನು ಕ್ಷಮಿಸಿಲ್ಲ.