ಸಬಕಾರ ಮೈಲಿಗಿ, ಕಾಮಣಿ ಮಡಿ

ಎಮರ್ಜೆನ್ಸಿ ಮುಗಿದ ಮರುವರ್ಷದ ಮಾತು. ಆಂಧ್ರದ ಆದವಾನಿಯೊಳಗ ನಮ್ಮ ಮಾವನೋರ ಹೋಟ್ಲಿಗೆ ಮಡಿ ಹೋಟ್ಲು ಅಂತ ದೊಡ್ಡ ಹೆಸರು. ಮುಂದ ಹೋಟ್ಲು, ಹಿಂದ ಮನಿ, ಎರಡಕ್ಕೂ ಒಂದ ಅಡಿಗಿಮನಿ. ಅಲ್ಲಿ ಕೈ ತೊಳಿಯೋ ಸಬಕಾರಕ್ಕ ಪ್ರವೇಶ ಇರಲಿಲ್ಲ. ಅದ್ರಾಗ ದನದ ಕೊಬ್ಬು ಇರ್ತದಂತ, ನಮ್ಮ ಅತ್ತಿ ಹೇಳೋರು. ಅಡಿಗಿ ಆಚಾರು ಹಿತ್ತಲ ಪಾಯಿಖಾನಿಗೆ ಹೋಗಿ ಬಂದು, ಒಂದು ಕೊಡ ನೀರು ತಲಿಮ್ಯಾಲೆ ಸುರಕೊಂಡು, ಹಸಿ ಪಂಚಿ ಸುತ್ತಿಕೊಂಡು ಒಳಗ ಹೋದ್ರ ಆತು, ಮಡಿ! ಅದೇ ಕೈಲೆ ಚಟ್ನಿ ಕಲಸೋದು, ಅದೇ ಕೈ ಕುಡಿಯೋ ನೀರಿನ ಹಂಡೇದಾಗ ಅದ್ದೋದು. ಉಗುರಿನ ಸಂದ್ಯಾಗ ಏನಿತ್ತೋ ದೇವರೇ ಬಲ್ಲ. ಥೂ!

ಒಂದು ಮುಂಜಾನೆ ನೋಡ್ತೀನಿ, ಆಚಾರ ಕಣ್ಣು ಅರಿಷಿಣ ಆಗ್ಯಾವ. "ಕಾಮಣಿ ಅಲ್ಲೇನ್ರಿ ಇದು?" ಅಂದೆ.

"ಬರೇ ಉಷ್ಣಮ್ಮಾ. ಎಲಿ ಔಷಧಿ ತೊಗೊಂಡೀನಿ, ಉಪ್ಪು ಬಿಟ್ಟೀನಿ" ಅಂದ್ರು.

ತಮಗ ಪಥ್ಯ, ಊರಿಗೆಲ್ಲಾ ಚಟ್ನಿ! ನನ್ನ ನಾಕು ವರ್ಷದ ಮಗಳು ದಿನಾ ಅವರ ಕೈಯಿಂದನ ಇಡ್ಲಿ ತಿಂತಿದ್ಲು. ಲೇಡಿ ಡಾಕ್ಟರ್ ಹತ್ರ ಓಡಿದೆ. ಅವರು ತೆಲುಗಿನ್ಯಾಗ ಬಿಡಿಸಿ ಹೇಳಿದ್ರು: ಇದು ಹೊಲಸು ಕೈಯಿಂದ, ಹೊಲಸು ನೀರಿನಿಂದ ಹರಡ್ತದ, ಆ ಮನುಷ್ಯಾನ್ನ ಎರಡು ವಾರ ಅಡಿಗಿಮನಿಗೆ ಬಿಡಬ್ಯಾಡ್ರಿ, ಎಲ್ಲಾರೂ ಸಬಕಾರ ಹಚ್ಚಿ ಕೈ ತೊಳೀರಿ, ನೀರು ಕುದಿಸಿ ಕುಡೀರಿ.

ಮನ್ಯಾಗ ಹೇಳಿದ್ರ ಮಾವನೋರು ನಕ್ಕರು. "ನಮ್ಮ ಅಡಿಗಿಮನ್ಯಾಗ ಹೊಲಸೇ? ಆಚಾರು ದಿನಕ್ಕ ಮೂರು ಸರ್ತಿ ಸ್ನಾನ ಮಾಡ್ತಾರ." ಅತ್ತಿ, "ಎರಡಕ್ಷರ ಕಲ್ತು ಬಂದಾಳ, ನಮಗ ಮಡಿ ಹೇಳಿಕೊಡ್ಲಿಕ್ಕೆ" ಅಂದ್ರು. ನನ್ನ ಗಂಡ ಗಲ್ಲಾದ ಮುಂದ ಕೂತು ಚಿಲ್ಲರ ಎಣಿಸಿದ್ರು. ಇವರ ಬುದ್ಧಿಗಿಷ್ಟು ಬೆಂಕಿ ಹಾಕ!

ಮರುದಿನ ಆಚಾರು ಮತ್ತ ಹಂಡೇದಾಗ ಕೈ ಅದ್ದಿದ್ದು ಕಂಡು ನನಗ ತಡೀಲಿಲ್ಲ. ಸೀದಾ ಒಳಗ ಹೋದೆ. ಹಂಡೆ ಮುಟ್ಟಿದೆ, ರುಬ್ಬುಗುಂಡು ಮುಟ್ಟಿದೆ, ಚಟ್ನಿ ಪಾತ್ರಿ ಮುಟ್ಟಿದೆ, ಕಡೀಗೆ ಆಚಾರ ಪಂಚಿ ಚುಂಗು ಹಿಡಿದು "ನಾ ಹೊರಗ ಆಗೀನಿ" ಅಂದೆ. ಸುಳ್ಳು! ನನ್ನ ಮುಟ್ಟಿಗೆ ಇನ್ನೂ ಒಂದು ವಾರ ಇತ್ತು.

ಅಯ್ಯಯ್ಯೋ, ಆಗ ನೋಡ್ಬೇಕಿತ್ತು ಗದ್ದಲ! ಆಚಾರು ಚಿಟ್ಟನೆ ಚೀರಿ ಹೊರಗ ಓಡಿದ್ರು. ಹಂಡೆ ನೀರು ಮೋರಿಗೆ ಹೋತು, ಚಟ್ನಿ ತಿಪ್ಪಿಗೆ ಹೋತು, ಪಾತ್ರಿಗೆಲ್ಲಾ ಹುಣಸಿಹಣ್ಣು, ಬೂದಿ. ಹತ್ತಿ ದಲ್ಲಾಳಿ ಒಬ್ಬ ಬಂದು "ಯಾಕ್ರಿ ಸ್ವಾಮಿ, ಹೋಟ್ಲು ಬಂದ್ ಐತಿ?" ಅಂದ್ರ ಮಾವನೋರು ಬಾಗಿಲು ಎಳಕೊಂಡ್ರು. "ಇಂಥಾ ಮನ್ಯಾಗ ಇರಾಂಗಿಲ್ಲ" ಅಂತ ಆಚಾರು ಎಮ್ಮಿಗನೂರಿನ ಬಸ್ಸು ಹತ್ತಿದ್ರು. ನಾನು ಹಿತ್ತಲ ಮೂಲ್ಯಾಗ ಚಾಪಿ ಮ್ಯಾಲೆ ಕೂತು ಹೊಟ್ಟಿ ತುಂಬಾ ನಕ್ಕೆ.

ಆ ನಗು ಬಾಳ ದಿನ ಉಳೀಲಿಲ್ಲ. ತಿಂಗಳೊಳಗ ಮಗಳಿಗೆ ವಾಂತಿ, ಕಣ್ಣು ಹಳದಿ. ಆಚಾರು ಇದ್ದಾಗ ತಿಂದದ್ದು ಈಗ ಕಾಣಿಸಿಕೊಂಡದ, ಪ್ರಾಣಕ್ಕೇನೂ ಭಯ ಇಲ್ಲ ಅಂತ ಡಾಕ್ಟರ್ ಹೇಳಿದ್ರು. ಮನ್ಯಾಗ ಯಾರು ಕೇಳ್ತಾರ? ನಾ ಗಂಜಿ ಕುಡಿಸ್ಲಿಕ್ಕೆ ಹೋದ್ರ ಅತ್ತಿ ಬಟ್ಟಲ ಕಸ್ಕೊಂಡು, "ನೀ ಬ್ಯಾಡ. ಅವತ್ತು ನೀ ಮುಟ್ಟಿದ್ದಕ್ಕ ಕೂಸಿಗೆ ಹಿಂಗಾಗ್ಯದ" ಅಂದ್ರು.

ಅವತ್ತು ನಾ ಹೊರಗ ಆಗೀನಿ ಅಂದದ್ದು ಸುಳ್ಳು ಅಂತ ಬಾಯಿ ಬಿಟ್ರ ಮರುದಿನಾನ ಆಚಾರನ್ನ ವಾಪಸ್ ಕರಸ್ತಿದ್ರು. ಬಾಯಿ ಮುಚ್ಕೊಂಡು ಹೊಸ್ತಿಲಾಚೆ ಕೂತೆ. ಕೂಸು ನನ್ನ ಕಡೆ ಕೈ ಚಾಚಿ ಅಳ್ತಿತ್ತು.