‘ಟೈಮ್’ ಎನ್ನದ ಅರ್ಧ ನಿಮಿಷ

ಚೆಂಡು ಅವಳ ಕಿವಿಯ ಪಕ್ಕ ಹಾದು ಹಿಂದಿನ ತಂತಿ ಬಲೆಗೆ ಬಡಿದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಆಫೀಸಿನ ಅಡುಗೆಕೋಣೆಯಲ್ಲಿ ಯಾರಾದರೂ ಚಮಚಗಳ ಡ್ರಾಯರ್ ಜೋರಾಗಿ ತಳ್ಳಿದರೆ ಸಾಕು, ನಾನು ಮತ್ತೆ ಸ್ವೀಡನ್ನಿನ ಸೋಲ್ನಾದ ಆ ಮೈದಾನದಲ್ಲಿ, ಎರಡನೇ ಬೇಸಿನ ಹತ್ತಿರ ನಿಂತಿರುತ್ತೇನೆ. ಎಲ್ಲವೂ ಕಾಣುತ್ತಿರುತ್ತದೆ. ಒಂದು ಮಾತು ಕೂಗಬೇಕಿರುತ್ತದೆ, ಕೂಗಿರುವುದಿಲ್ಲ.

ಹೈಸ್ಕೂಲ್ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಗಳಿಗೆ ಅಂಪೈರ್‌ಗಳನ್ನು ಕಳಿಸುವ ಚಿಕ್ಕ ಸಂಘ ನಮ್ಮದು. ಹನ್ನೊಂದು ಜನ. ಏಳು ವರ್ಷದಿಂದ ನಾನೇ ಅಧ್ಯಕ್ಷೆ. ಅಧ್ಯಕ್ಷೆ ಎಂದರೆ ಯಾವ ಪಂದ್ಯಕ್ಕೆ ಯಾರು ಎಂದು ಪಟ್ಟಿ ಮಾಡುವವಳು, ಮೈದಾನಕ್ಕಾಗಿ ಇಲ್ಲಿನ ನಗರಸಭೆಯಾದ ಕೊಮ್ಯೂನಿಗೆ ಅರ್ಜಿ ಬರೆಯುವವಳು, ಕಿತ್ತುಹೋದ ಮಾಸ್ಕಿನ ಬೆಲ್ಟು ಹೊಲಿಯುವವಳು, ಅಂಪೈರ್ ಬರದಿದ್ದರೆ ಕೋಚ್‌ಗಳಿಂದ ಮಾತು ಕೇಳುವವಳು. ದಾವಣಗೆರೆಯಲ್ಲಿ ಕಾಲೇಜು ಓದುವಾಗ ಮೂರು ವರ್ಷ ಆಡಿದ ಆಟ ಇದು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ರೈಲಿನಲ್ಲಿ ಕೂತು ಸ್ವೀಡಿಷ್ ನಿಯಮಪುಸ್ತಕವನ್ನು ಸಾಲು ಸಾಲಾಗಿ ಬಿಡಿಸಿಕೊಂಡು ಓದಿದೆ. ನಾನು ಆ ಭಾಷೆ ಕಲಿತದ್ದೇ ಹಾಗೆ. ಅಂಗಡಿಯಲ್ಲಿ ಕೊತ್ತಂಬರಿ ಕೇಳಲು ತಡವರಿಸುತ್ತಿದ್ದಾಗಲೂ ಬ್ಯಾಟರ್ ಯಾವಾಗ ಔಟ್ ಎಂಬುದನ್ನು ತಪ್ಪಿಲ್ಲದೆ ಹೇಳಬಲ್ಲವಳಾಗಿದ್ದೆ.

ಅವಳು ಬಂದದ್ದು ಮೂರು ವರ್ಷದ ಹಿಂದೆ. ಅಪ್ಪ ಅಮ್ಮ ಮೈಸೂರಿನವರು, ಅವಳು ಇಲ್ಲೇ ಬೆಳೆದವಳು. ಆಗಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಳು. ಯುಗಾದಿ ಊಟದಲ್ಲಿ ಸಿಕ್ಕವಳನ್ನು ನಾನೇ ಸಂಘಕ್ಕೆ ಕರೆತಂದೆ, ನಾನೇ ಕಲಿಸಿದೆ. ಕಾಲು ಎಷ್ಟು ಅಗಲ ಇಡಬೇಕು, ಕೈ ಯಾವಾಗ ಎತ್ತಬೇಕು, ತೀರ್ಪು ಕೂಗಿದ ಮೇಲೆ ಯಾಕೆ ಯಾರ ಮುಖವನ್ನೂ ನೋಡಬಾರದು. ಒಂದೇ ಬೇಸಿಗೆಯಲ್ಲಿ ಎಲ್ಲ ಕಲಿತಳು. ಎರಡನೇ ಬೇಸಿಗೆಯಲ್ಲಿ ಕೋಚ್‌ಗಳ ಮೇಲ್ ಬರಲು ಶುರುವಾಯಿತು: ಈ ಶನಿವಾರ ಅವಳನ್ನೇ ಕಳಿಸಲು ಆಗುತ್ತದೆಯೇ? ಇಷ್ಟು ವರ್ಷದಲ್ಲಿ ನನ್ನನ್ನು ಕಳಿಸಿ ಎಂದು ಒಬ್ಬರೂ ಬರೆದಿರಲಿಲ್ಲ.

ಪಟ್ಟಿ ಆಗಲೇ ಆಗಿದೆ ಎಂದು ಉತ್ತರ ಬರೆಯುತ್ತಿದ್ದೆ. ಆಗಿರುತ್ತಿರಲಿಲ್ಲ. ಆಮೇಲೆ ಕೂತು ಅವಳನ್ನು ದೂರದ ಮೈದಾನಕ್ಕೆ, ಹೊಸ ತಂಡಗಳ ಪಂದ್ಯಕ್ಕೆ ಹಾಕುತ್ತಿದ್ದೆ. ಅಲ್ಲಿಗೂ ನಗುತ್ತಲೇ ಹೋಗುತ್ತಿದ್ದಳು. ಮುಂದಿನ ವಾರ ಆ ಹೊಸ ತಂಡದ ಕೋಚ್ ಕೂಡ ಮೇಲ್ ಬರೆಯುತ್ತಿದ್ದ.

ಅವಳು ನನ್ನನ್ನು ಆಂಟಿ ಎನ್ನುತ್ತಿದ್ದಳು. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡದ ಹೆಂಗಸರೆಲ್ಲ ಆಂಟಿಯರೇ. ನನಗಿನ್ನೂ ನಲವತ್ಮೂರು. ಒಂದು ದಿನ ಮೈದಾನದ ನಡುವೆ ಎಲ್ಲರಿಗೂ ಕೇಳುವಂತೆ, “ಆಂಟಿ, ಶೂ ಲೇಸ್ ಬಿಚ್ಚಿದೆ, ಬಿದ್ಬಿಡ್ತೀರ” ಎಂದಳು. ಹುಡುಗಿಯರು ಆ ಪದ ಹಿಡಿದುಕೊಂಡರು. ಮುಂದಿನ ಪಂದ್ಯದಲ್ಲಿ ಚೆಂಡು ಎಸೆಯುವ ಪಿಚರ್ ಹುಡುಗಿಯೊಬ್ಬಳು ನನ್ನ ತೀರ್ಪು ಒಪ್ಪದೆ, “ಆದರೆ ಆಂಟಿ” ಎಂದಾಗ ಬೆಂಚಿನವರೆಲ್ಲ ನಕ್ಕರು.

“ಪ್ರೀತಿಯಿಂದ ಕರೀತಾರೆ ಆಂಟಿ, ತಪ್ಪು ತಿಳ್ಕೋಬೇಡಿ,” ಎಂದಳು ಇವಳು ಆಮೇಲೆ.

“ನಿನ್ನನ್ನ ಏನಂತ ಕರೀತಾರೆ?”

“ನನ್ನನ್ನಾ? ಹೆಸರು ಹಿಡಿದೇ.”

ನನಗೆ ಬೇಕಾಗಿದ್ದದ್ದು ಅದೇ.

ಈ ವರ್ಷ ಸೆಮಿಫೈನಲ್ಲಿಗೆ ಮುಂಚೆ ಸಮಿತಿಯ ಫೀಕಾ ಇತ್ತು, ಕಾಫಿ ಮತ್ತು ದಾಲ್ಚಿನ್ನಿ ಬನ್ನು. ನಮ್ಮ ಕಾರ್ಯದರ್ಶಿ ನಿವೃತ್ತ ಬಸ್ ಡ್ರೈವರ್, ತಾನೂ ಅಂಪೈರ್, ಒಳ್ಳೆಯ ಮುದುಕ. ಬನ್ನು ಮುರಿಯುತ್ತ, “ಈ ಸಲ ಸೆಮಿಫೈನಲ್ಲಿಗೂ ಫೈನಲ್ಲಿಗೂ ಪ್ಲೇಟಿನ ಹಿಂದೆ ಅವಳು ನಿಂತರೆ ಹೇಗೆ ಅಂತ ಒಂದು ಯೋಚನೆ ಬಂತು, ಅಷ್ಟೇ,” ಎಂದ. ಪ್ಲೇಟ್ ಎಂದರೆ ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹೂತ ಬಿಳಿ ರಬ್ಬರಿನ ಹಾಸು. ಅದರ ಹಿಂದೆ ಕ್ಯಾಚರ್ ಕೂರುತ್ತಾಳೆ. ಕ್ಯಾಚರಿನ ಬೆನ್ನಿಗೆ, ಮುಖಕ್ಕೆ ಮಾಸ್ಕ್ ಹಾಕಿ ನಿಂತು ಪ್ರತಿ ಎಸೆತಕ್ಕೂ ತೀರ್ಪು ಹೇಳುವ ಅಂಪೈರೇ ಪಂದ್ಯದ ಯಜಮಾನ. ಬೇಸಿನ ಹತ್ತಿರ ನಿಲ್ಲುವವರು ಜೊತೆಗಾರರು ಮಾತ್ರ. ದೊಡ್ಡ ಪಂದ್ಯಗಳಲ್ಲಿ ಪ್ಲೇಟು ಯಾವಾಗಲೂ ನನ್ನದು. ಆ ದಿನ ಯಾರೂ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಎಲ್ಲರೂ ಕಾಫಿ ಕುಡಿದರು. ಇಲ್ಲಿ ತೀರ್ಮಾನ ಆಗುವುದೇ ಹಾಗೆ. ಒಳ್ಳೆಯ ಯೋಚನೆ ಎಂದು ಕೊನೆಗೆ ನಾನೇ ಹೇಳಿದೆ.

ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ, ಯಾವ ಪುಸ್ತಕದಲ್ಲೂ ಇಲ್ಲ. ಪ್ಲೇಟ್ ಅಂಪೈರಿಗೆ ಚೆಂಡು ಬಡಿದರೆ ಜೊತೆಗಾರ ಅಂಪೈರ್ “ಟೈಮ್” ಎಂದು ಕೂಗಿ ಆಟ ತಡೆಯುತ್ತಾರೆ. ನಿಧಾನವಾಗಿ ನಡೆದು ಬಂದು, ಜೇಬಿನ ಬ್ರಷ್ ತೆಗೆದು, ಬಗ್ಗಿ ಪ್ಲೇಟ್ ಒರೆಸುತ್ತಾರೆ. ಅದು ಎಷ್ಟೇ ಚೊಕ್ಕವಾಗಿದ್ದರೂ ಒರೆಸುತ್ತಾರೆ. ಅಷ್ಟರಲ್ಲಿ ಪೆಟ್ಟು ತಿಂದವರು ಸುಧಾರಿಸಿಕೊಳ್ಳುತ್ತಾರೆ, ನೋವಾಯಿತೆಂದು ಯಾರೆದುರೂ ಹೇಳಬೇಕಾಗುವುದಿಲ್ಲ. ಇದನ್ನೂ ಅವಳಿಗೆ ನಾನೇ ಕಲಿಸಿದ್ದೆ. ಹೋದ ವರ್ಷ ನನ್ನ ಭುಜಕ್ಕೆ ಚೆಂಡು ಬಡಿದಾಗ ಅವಳು ಬಂದು ಒರೆಸಿದಳು, ಒರೆಸುತ್ತಲೇ ಇದ್ದಳು. ಆಮೇಲೆ ತಲೆ ಎತ್ತದೆ ಮೆಲ್ಲಗೆ, “ಇನ್ನೂ ಒರೆಸಿದ್ರೆ ರಬ್ಬರ್ ಸವೆದೋಗತ್ತೆ ಆಂಟಿ. ಸಾಕಾ, ಹೇಳಿ,” ಎಂದಿದ್ದಳು.

ಸೆಮಿಫೈನಲ್ ಭಾನುವಾರ ಮಧ್ಯಾಹ್ನ ನಡೆಯಿತು. ಅವಳ ಅಪ್ಪ ಅಮ್ಮ ಪ್ರೇಕ್ಷಕರ ಮೆಟ್ಟಿಲ ಮೇಲೆ ಕಾಲಿಗೆ ಕಂಬಳಿ ಹೊದ್ದು ಕೂತಿದ್ದರು. ಐದನೇ ಇನಿಂಗ್ಸಿನವರೆಗೆ ಅವಳು ಒಂದು ತಪ್ಪೂ ಮಾಡಲಿಲ್ಲ. ನಾನು ಕಾಯುತ್ತಿದ್ದೆ. ಆಗ ಬ್ಯಾಟಿನ ಅಂಚಿಗೆ ತಾಗಿದ ಚೆಂಡೊಂದು ನೇರ ಹಿಂದಕ್ಕೆ ಬಂದು ಅವಳ ಮಾಸ್ಕಿಗೆ, ಗದ್ದದ ಮೇಲೆ ಬಡಿಯಿತು. ತಲೆ ಹಿಂದಕ್ಕೆ ಎಗರಿತು. ಅದು ಫೌಲ್ ಆದ್ದರಿಂದ ಆಟ ನಿಂತಿತ್ತು, ಅವಳು “ಪ್ಲೇ” ಎನ್ನುವವರೆಗೆ ಮುಂದಿನ ಎಸೆತವಿಲ್ಲ. ಏನೂ ಆಗಿಲ್ಲ ಎಂಬಂತೆ ಒಂದು ಕೈ ಎತ್ತಿ ಆಡಿಸಿದಳು. ಜನ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಮುಗಿಯುವುದರೊಳಗೆ ನಾನು ನೋಡಿದ್ದನ್ನು ಈಗ ದಿನಾ ನೋಡುತ್ತೇನೆ. ಎಸೆತ ಎಣಿಸುವ ಪುಟ್ಟ ಸಾಧನ ಅವಳ ಎಡಗೈಯಿಂದ ಮಣ್ಣಿಗೆ ಬಿದ್ದಿತ್ತು, ಅವಳು ಹುಡುಕಲಿಲ್ಲ. ಮಾಸ್ಕ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಕ್ಯಾಚರಿಗೆ ಹೊಸ ಚೆಂಡು ಕೊಡಲು ಹೋಗಿ ಬೀಳಿಸಿದಳು, ಎತ್ತಿ ಮತ್ತೆ ಕೊಟ್ಟಳು. ನನ್ನ ಕೈ ಜೇಬಿನ ಬ್ರಷ್ ಮೇಲಿತ್ತು. ಹೋಗಬೇಕೆಂದು ಕಾಲಿಗೆ ಗೊತ್ತಿತ್ತು. ನಾನು ಹೋಗಲಿಲ್ಲ. ಈಗ ಎಣಿಕೆ ತಪ್ಪುತ್ತಾಳೆ, ಎಲ್ಲರೆದುರು ತಪ್ಪುತ್ತಾಳೆ, ಕೋಚ್‌ಗಳು ನೋಡಲಿ ಎಂದುಕೊಂಡೆ. ಇದನ್ನು ಬೇರೆ ಮಾತಿನಲ್ಲಿ ಹೇಳಿಕೊಳ್ಳಲು ಬಹಳ ಪ್ರಯತ್ನಿಸಿದ್ದೇನೆ. ಬೇರೆ ಮಾತು ಸಿಕ್ಕಿಲ್ಲ.

ಅವಳು ಬೆರಳು ಚಾಚಿ “ಪ್ಲೇ” ಎಂದಳು. ಮಾಸ್ಕ್ ಇನ್ನೂ ಕಂಕುಳಲ್ಲೇ ಇತ್ತು. ಪಿಚರಿನ ಕಣ್ಣು ಕ್ಯಾಚರಿನ ಕೈಗವುಸಿನ ಮೇಲೆ. ಕ್ಯಾಚರಿಗೆ ತನ್ನ ಬೆನ್ನ ಹಿಂದಿನದು ಕಾಣದು. ನಾನು ಬಾಯಿ ತೆರೆಯುವಷ್ಟರಲ್ಲಿ ಪಿಚರಿನ ತೋಳು ಸುತ್ತಿ ಬಂದು ಚೆಂಡು ಹೊರಟಾಗಿತ್ತು. ಮತ್ತೆ ಬ್ಯಾಟಿನ ಅಂಚು. ಚೆಂಡು ಅವಳ ಬರಿ ಮುಖದ ಪಕ್ಕ, ಕೂದಲು ಅಲುಗುವಷ್ಟು ಹತ್ತಿರ ಹಾದು ಬಲೆಗೆ ಬಡಿಯಿತು. ಅವಳು ಕಣ್ಣನ್ನೂ ಮಿಟುಕಿಸಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಹಾಗೇ ಕುಸಿದು ಕೂತಳು.

ನಾನು ಓಡಿ ಹೋಗುವಷ್ಟರಲ್ಲಿ ಕ್ಯಾಚರ್ ಹುಡುಗಿ ಅವಳ ಬೆನ್ನಿಗೆ ಕೈ ಕೊಟ್ಟು ಹಿಡಿದಿದ್ದಳು. ಕ್ಯಾಚರ್ ಮೈದಾನಕ್ಕೆ ಮುಖ ಮಾಡಿ ಕೂರುವವಳು, ನಾನು ನಿಂತದ್ದು ಅವಳಿಗೆ ಕಂಡಿತ್ತು. “ನೀನು ಈ ಕಡೆನೇ ನೋಡ್ತಾ ಇದ್ದೆಯಲ್ಲ,” ಎಂದಳು ಸ್ವೀಡಿಷ್‌ನಲ್ಲಿ. ಅಷ್ಟರಲ್ಲಿ ಪೆಟ್ಟು ತಿಂದವಳ ಅಮ್ಮ ಮೆಟ್ಟಿಲಿಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, “ನೀವಿದ್ರಿ, ಸದ್ಯ. ನೀವಿದ್ರಿ ಅಂತಾನೇ ನಮಗೆ ಧೈರ್ಯ,” ಎಂದರು.

ತಲೆಗೆ ಪೆಟ್ಟಾಗಿದೆ, ಮೂರು ವಾರ ವಿಶ್ರಾಂತಿ ಬೇಕು ಎಂದರು ಡಾಕ್ಟರು. ಫೈನಲ್ ಮುಂದಿನ ಭಾನುವಾರವೇ ಇತ್ತು. ಕಾರ್ಯದರ್ಶಿ ಫೋನ್ ಮಾಡಿ, “ಹಾಗಾದರೆ ಪ್ಲೇಟು ನಿನ್ನದೇ ಆಯಿತು. ವರದಿಯನ್ನು ಬುಧವಾರ ಕಳಿಸಿಬಿಡು,” ಎಂದ. ತಲೆಗೆ ಪೆಟ್ಟು ಬಿದ್ದರೆ ಜೊತೆಗಾರ ಅಂಪೈರ್ ವರದಿ ಬರೆಯಬೇಕೆಂಬ ನಿಯಮ ನಾನೇ ಮಾಡಿದ್ದು. ಅದರಲ್ಲೊಂದು ಪ್ರಶ್ನೆ: ಆಟವನ್ನು ಯಾರು, ಯಾವಾಗ ತಡೆದರು? ಸೋಮವಾರ ಅದರ ಮುಂದೆ ಏನೂ ಬರೆಯಲಾಗಲಿಲ್ಲ. ಮಂಗಳವಾರ, ಎಲ್ಲ ಬೇಗ ನಡೆದುಹೋದ್ದರಿಂದ ತಡೆಯಲಾಗಲಿಲ್ಲ ಎಂದು ಬರೆದು ನೋಡಿದೆ. ನಂಬುವಂತೆಯೇ ಇತ್ತು.

ಬುಧವಾರ ಆಫೀಸು ಮುಗಿಸಿ, ಡಬ್ಬಿಯಲ್ಲಿ ಅನ್ನ ಸಾರು ತೆಗೆದುಕೊಂಡು ಅವಳನ್ನು ನೋಡಲು ಹೋದೆ. ಪರದೆ ಎಳೆದಿದ್ದ ಕೋಣೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು.

“ಫೈನಲ್ ಪ್ಲೇಟ್ ನೀವೇ ಅಂತೆ? ಗುಡ್. ಆ ಉದ್ದದ ಬ್ಯಾಟರ್ ಇದಾಳಲ್ಲ ಆಂಟಿ, ಗೆರೆ ಬಿಟ್ಟು ಮುಂದೆ ಕಾಲಿಡ್ತಾಳೆ. ನೋಡ್ಕೊಳ್ಳಿ.”

ನಾನು ತಲೆಯಾಡಿಸಿದೆ.

“ನಂಗೊಂದೂ ನೆನಪಿಲ್ಲ,” ಎಂದಳು. “ಬಾಲ್ ಬಡಿದಿದ್ದು ಗೊತ್ತು, ಆಮೇಲೆ ಅಪ್ಪನ ಕಾರು. ಮಧ್ಯದಲ್ಲಿ ನೀವು ಟೈಮ್ ಅಂದ್ರಿ ಅಲ್ವಾ? ಬಂದು ಒರೆಸಿದ್ರಾ?”

ಹೌದು ಎಂದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು, ಥ್ಯಾಂಕ್ಸ್ ಕೂಡ ಹೇಳುತ್ತಿದ್ದಳು. ಆ ಥ್ಯಾಂಕ್ಸ್ ಇಟ್ಟುಕೊಂಡು ನಾನು ಭಾನುವಾರ ಅವಳ ಜಾಗದಲ್ಲಿ ನಿಲ್ಲಬೇಕಿತ್ತು.

“ಇಲ್ಲ. ಅನ್ನಲಿಲ್ಲ.”

“ನೋಡ್ಲಿಲ್ವಾ ನೀವು?”

“ನೋಡಿದೆ. ಮಾಸ್ಕ್ ತೆಗೆದಿದ್ದೂ ನೋಡಿದೆ. ನೀನು ಏನಾದ್ರೂ ತಪ್ಪು ಮಾಡ್ಲಿ ಅಂತ ಸುಮ್ನೆ ನಿಂತಿದ್ದೆ.”

ಅವಳು ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಅಡುಗೆಮನೆಯಲ್ಲಿ ಅವಳಮ್ಮ ನನಗಾಗಿ ಕಾಫಿ ಬೆರೆಸುತ್ತಿದ್ದ ಸದ್ದು ಕೇಳುತ್ತಿತ್ತು.

“ನಾನಾಗಿದ್ರೆ ಅಂತಿದ್ದೆ,” ಎಂದಳು.

ಚುಚ್ಚಲು ಹೇಳಿದ ಮಾತಲ್ಲ. ಯೋಚಿಸಿ ನೋಡಿ, ಇದ್ದದ್ದನ್ನು ಹೇಳಿದಳು. ಅದು ನಿಜವೆಂದು ನನಗೂ ಗೊತ್ತಿತ್ತು. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಅದೇ ಹಳೆಯ ಹೊಟ್ಟೆಕಿಚ್ಚು: ಇದು ಕೂಡ ಅವಳಿಗೆ ಸುಲಭ.

“ತಲೆ ನೋಯ್ತಿದೆ. ನೀವು ಹೊರಡಿ,” ಎಂದಳು. ಅವಳಮ್ಮನ ಕಾಫಿಯನ್ನು ನಿಂತೇ ಕುಡಿದು ಹೊರಟೆ.

ರೈಲಿನಲ್ಲೇ ವರದಿ ಮುಗಿಸಿದೆ. ಅಪಾಯ ಕಂಡಿತು, ಜೊತೆಗಾರ ಅಂಪೈರ್ ಆಟ ತಡೆಯಲಿಲ್ಲ, ಆ ಅಂಪೈರ್ ನಾನು. ಫೈನಲ್ಲಿಗೆ ನನ್ನನ್ನು ಹಾಕಬೇಡಿ, ಪಟ್ಟಿ ಮಾಡುವ ಕೆಲಸವನ್ನೂ ಬೇರೆಯವರಿಗೆ ಕೊಡಿ ಎಂದು ಕೊನೆಯಲ್ಲಿ ಸೇರಿಸಿದೆ. ಕಾರ್ಯದರ್ಶಿಯ ಉತ್ತರ ಮರುದಿನ ಬಂತು: “ಓದಿದೆ, ಪ್ಲೇಟಿಗೆ ನಾನೇ ನಿಲ್ಲುತ್ತೇನೆ.”

ಫೈನಲ್ ನೋಡಲು ಹೋದೆ. ಅವಳೂ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಮೆಟ್ಟಿಲ ಕೊನೆಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು, ಕರೆಯಲಿಲ್ಲ. ಪ್ರತಿ ಇನಿಂಗ್ಸ್ ಮುಗಿದಾಗಲೂ ಹುಡುಗಿಯರು ಬೇಲಿಯ ಹತ್ತಿರ ಓಡಿಬಂದು ಅವಳಿಗೆ ಏನೋ ಹೇಳಿ ನಗಿಸಿ ಹೋಗುತ್ತಿದ್ದರು. ಆ ಕ್ಯಾಚರ್ ಹುಡುಗಿ ಬಂದು ಬೇಲಿಯ ತಂತಿಯ ನಡುವೆ ಬೆರಳು ತೂರಿಸಿದಳು, ಇವಳು ಅದನ್ನು ಹಿಡಿದು ಎಳೆದಳು. ನಾನು ಆರು ಸೀಟು ಆಚೆ ಕೂತು ಒಬ್ಬೊಬ್ಬರನ್ನೇ ನೋಡುತ್ತ, ಹಾಗೆ ಅವಳ ಹತ್ತಿರ ಹೋಗಿ ನಿಲ್ಲಬಲ್ಲ ಪ್ರತಿಯೊಬ್ಬಳ ಮೇಲೂ ಕರುಬಿದೆ.