ಬಿರುಕಿನ ಸುತ್ತ ಸೀಮೆಸುಣ್ಣ

ಕೋಣನಕುಂಟೆಯಲ್ಲಿ ಬೈಕ್ ಫ್ರೇಮ್‌ಗಳಿಗೆ ಪೌಡರ್ ಕೋಟಿಂಗ್ ಮಾಡುತ್ತಿದ್ದ ಒಬ್ಬರು ತಮ್ಮ ಕಸುಬನ್ನು ಎಂದೂ ಪೂರ್ತಿ ಹೊಗಳಿದವರಲ್ಲ. ಬಣ್ಣದ ಪುಡಿ ಸಿಂಪಡಿಸಿ ದೊಡ್ಡ ಓವನ್ನಿನಲ್ಲಿ ಬೇಯಿಸಿದರೆ ಎಂಥ ಹಳೆಯ ಫ್ರೇಮೂ ಹೊಸದರಂತೆ ಹೊಳೆಯುತ್ತಿತ್ತು. "ಪೇಂಟ್ ಥರ ಅಲ್ಲ ಸಾರ್, ಕಲ್ಲು ಬಡಿದ್ರೂ ಏಳಲ್ಲ," ಎನ್ನುವರು. ಅದರ ಬೆನ್ನಿಗೇ, "ಆದ್ರೆ ಮುಚ್ಚಿದ್ಮೇಲೆ ಒಳಗೇನಿದೆ ಅಂತ ಕಾಣಲ್ಲ." ಇವೆರಡನ್ನೂ ಹೇಳದೆ ಅವರು ಯಾರ ಕೆಲಸವನ್ನೂ ಒಪ್ಪಿಕೊಂಡಿದ್ದನ್ನು ನಾನು ಕಾಣೆ.

ಹಳೆಯ ಬಣ್ಣವನ್ನೆಲ್ಲ ಮರಳು ಹೊಡೆದು ತೆಗೆದ ಮೇಲೆ, ಕಣ್ಣು ಮುಚ್ಚಿಕೊಂಡು ಬೆಸುಗೆಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ನನ್ನ ಬೈಕಿನ ಫ್ರೇಮಿನಲ್ಲಿ, ಹ್ಯಾಂಡಲ್ ಕೆಳಗಿನ ಬೆಸುಗೆಯ ಹತ್ತಿರ ಆ ಬೆರಳು ನಿಂತಿತು. ಕೂದಲೆಳೆಯಷ್ಟು ಬಿರುಕು. ಅದರ ಸುತ್ತ ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಎಳೆದರು.

"ಹೇಗಿದ್ರೂ ಮಾರ್ತಿದೀನಿ, ಕೋಟಿಂಗ್ ಹೊಡೆದುಬಿಡಿ," ಎಂದೆ.

ಅವರು ಕೋಟಿಂಗ್ ಮಾಡದೆಯೇ ಫ್ರೇಮನ್ನು ಎತ್ತಿ ತಂದು ನಾನು ಬಂದಿದ್ದ ಆಟೋದಲ್ಲಿ ತಾವೇ ಇಟ್ಟರು.

ಸುಣ್ಣದ ಗೆರೆಯನ್ನು ದಾರಿಯಲ್ಲಿ ನಾನೇ ಒರೆಸಿದೆ. ಗಿರಿನಗರದಲ್ಲಿ ಇನ್ನೊಬ್ಬರು ಏನೂ ಕೇಳದೆ ಕೋಟಿಂಗ್ ಮಾಡಿಕೊಟ್ಟರು. ಬೈಕ್ ಜೋಡಿಸಿಟ್ಟ ಮೇಲೆ, ಬಿಟಿಎಂನ ಪಿಜಿಯಲ್ಲಿದ್ದ ಹುಬ್ಬಳ್ಳಿ ಕಡೆಯ ಯುವಕ ಬಂದು ಕೊಂಡ. ಬಿರುಕಿದ್ದ ಜಾಗವನ್ನೇ ಸವರಿ, "ಭಾರಿ ಐತ್ರಿ ಅಣ್ಣಾ," ಎಂದ.

ಕೆಲವು ತಿಂಗಳ ಮೇಲೆ ಕನಕಪುರ ರಸ್ತೆಯಲ್ಲಿ ಕೋಣನಕುಂಟೆಯವರು ಎದುರಾದರು.

"ಆ ಫ್ರೇಮ್ ಏನ್ಮಾಡಿದ್ರಿ ಸಾರ್?"

"ಗುಜರಿಗೆ ಹಾಕ್ದೆ."

ಅವರು ನನ್ನ ಕೈ ಹಿಡಿದುಕೊಂಡರು. ಹೆಬ್ಬೆರಳು ನನ್ನ ಮಣಿಕಟ್ಟಿನ ಮೇಲೆ ನಿಂತಿತ್ತು.

"ಪುಣ್ಯ ಕಟ್ಕೊಂಡ್ರಿ ಸಾರ್," ಎಂದರು. "ಯಾರ್ದೋ ಜೀವ ಉಳೀತು."